ಪುಣೆಯಲ್ಲಿ ಕಂಡ ಕೆಮ್ಮಿನ ಪಂಚಾಂಗ

ಖಂಬಾಟ್ಕಿ ಘಾಟಿಯಲ್ಲಿ ಹಿಡಿದ ಮಳೆ ಪುಣೆ ಮುಟ್ಟಿದರೂ ಬಿಟ್ಟಿರಲಿಲ್ಲ. ಆಗಸ್ಟ್ ತಿಂಗಳು. ಬಸ್ಸಿನಲ್ಲಿ ಅರ್ಧ ಜನ ಕೆಮ್ಮುತ್ತಿದ್ದರು. ‘ಹವಾ ಬದಲಾತಲ್ರೀ, ಅದಕ್ಕ’ ಎಂದರು ಪಕ್ಕದವರು. ಈ ಹವಾ ಬದಲಾಗುವುದನ್ನು ಇಡೀ ದೇಶಕ್ಕಾಗಿ ಲೆಕ್ಕವಿಡುವವರನ್ನು ನೋಡಲೆಂದೇ ನಾನು ಹೊರಟಿದ್ದೆ.

ಅಂಬೇಡ್ಕರ್ ರಸ್ತೆಯ ರಾಷ್ಟ್ರೀಯ ವೈರಾಣು ಸಂಸ್ಥೆ 1952ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಶುರುವಾದದ್ದು. ನಮಗೂ ಅದಕ್ಕೂ ಹಳೆಯ ನಂಟು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಅದಕ್ಕೆ ಕಾರಣವಾದ ವೈರಸ್ಸನ್ನು ಪತ್ತೆ ಹಚ್ಚಿದವರು ಇಲ್ಲಿಯವರೇ.

ಒಳಗೆ ನನ್ನ ಅದೃಷ್ಟಕ್ಕೆ ಧಾರವಾಡ ಕಡೆಯ ತಂತ್ರಜ್ಞರೊಬ್ಬರು ಸಿಕ್ಕರು. ಕಲಿಯುವವರಿಗೆ ತೋರಿಸಲೆಂದು ಇಟ್ಟಿದ್ದ, 96 ಗುಳಿಗಳ ಪ್ಲಾಸ್ಟಿಕ್ ತಟ್ಟೆಯೊಂದನ್ನು ಮುಂದಿಟ್ಟರು. ಗುಳಿಗಳಲ್ಲಿ ಗಿನಿಪಿಗ್‌ನ ಕೆಂಪು ರಕ್ತಕಣಗಳು. ‘ತಳದಾಗ ಚುಕ್ಕಿ ಆಗಿ ಕುಂತ್ರ ವೈರಸ್ ಇಲ್ಲಂತ ತಿಳೀರಿ. ಹರಡಿ ನಿಂತ್ರ ಐತಿ.’ ಬಗ್ಗಿ ನೋಡಿದೆ. ಕೆಲವು ಗುಳಿಗಳ ತಳದಲ್ಲಿ ಇಟ್ಟ ಕುಂಕುಮದಂತೆ ದುಂಡನೆಯ ಬೊಟ್ಟು. ಉಳಿದವುಗಳಲ್ಲಿ ತೆಳು ಕೆಂಪು ಪರದೆ. ಫ್ಲೂ ವೈರಸ್ ರಕ್ತಕಣಗಳನ್ನು ಒಂದಕ್ಕೊಂದು ಹೆಣೆದು, ಕೆಳಗಿಳಿಯಲು ಬಿಡುವುದಿಲ್ಲ. ಕಣ್ಣಿಗೆ ಕಾಣದ್ದು ಬರಿಗಣ್ಣಿಗೇ ಸಿಕ್ಕಿತ್ತು!

ಆಮೇಲೆ ದೇಶದ ಫ್ಲೂ ಭೂಪಟ ತೋರಿಸಿದರು. ಮೂಗು, ಗಂಟಲಿನಿಂದ ಸ್ವಾಬ್ ಕಡ್ಡಿಯಲ್ಲಿ ತೆಗೆದ ಮಾದರಿಗಳು ಗೊತ್ತುಪಡಿಸಿದ ಆಸ್ಪತ್ರೆಗಳಿಂದ ಐಸಿನಲ್ಲಿ ಪ್ರಯೋಗಾಲಯಗಳಿಗೆ ಹೋಗುತ್ತವೆ. ರೋಗಿಯ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು, ಕೆಮ್ಮಿರಬೇಕು, ಶುರುವಾಗಿ ಹತ್ತು ದಿನ ಮೀರಿರಬಾರದು. ವಾರವಾರವೂ ಲೆಕ್ಕ. ನಾನು ಬೆರಗಾದದ್ದು ಆ ಲೆಕ್ಕ ಹೇಳುವ ಕಥೆಗೆ. ಪುಣೆ, ದೆಹಲಿ, ಕೋಲ್ಕತ್ತಗಳಲ್ಲಿ ಫ್ಲೂ ಜುಲೈನಿಂದ ಸೆಪ್ಟೆಂಬರ್‌ವರೆಗೆ ಏರುತ್ತದೆ. ಚೆನ್ನೈ, ವೆಲ್ಲೂರುಗಳಲ್ಲಿ ಹಿಂಗಾರಿನ ಜೊತೆ. ಶ್ರೀನಗರದಲ್ಲಿ ಯುರೋಪಿನಂತೆ ಚಳಿಗಾಲದಲ್ಲಿ. ಒಂದು ದೇಶ, ಮೂರು ಪಂಚಾಂಗ! ಫ್ಲೂ ಎಂದರೆ ಚಳಿಗಾಲದ ಕಾಯಿಲೆ ಎಂದು ಪರದೇಶದ ಪುಸ್ತಕ ಓದಿ ನಂಬಿದವರಿಗೆ ಇದು ಸಣ್ಣ ಪೆಟ್ಟಲ್ಲ.

ಇಲ್ಲಿಯ ಮಾಹಿತಿ ವಿಶ್ವ ಆರೋಗ್ಯ ಸಂಸ್ಥೆಯ ಫ್ಲೂ ಜಾಲಕ್ಕೂ ಸೇರುತ್ತದೆ. ಆ ಜಾಲ ಹುಟ್ಟಿದ್ದೂ 1952ರಲ್ಲೇ. ಲಸಿಕೆಯಲ್ಲಿ ಯಾವ ತಳಿ ಇರಬೇಕೆಂದು ಫೆಬ್ರುವರಿಯಲ್ಲಿ ಉತ್ತರಾರ್ಧಗೋಳಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣಾರ್ಧಗೋಳಕ್ಕೆ ತೀರ್ಮಾನವಾಗುವುದು ಇಂಥ ಲೆಕ್ಕಗಳಿಂದಲೇ. ಇನ್ನೊಂದು ವಿಚಿತ್ರ ಕೇಳಿ: ಬಿ/ಯಮಗಾಟಾ ಎಂಬ ಫ್ಲೂ ವಂಶ 2020ರ ಮಾರ್ಚ್ ನಂತರ ಲೋಕದಲ್ಲೆಲ್ಲೂ ಖಚಿತವಾಗಿ ಕಂಡಿಲ್ಲ. ಹುಡುಕುವವರು ಇಲ್ಲದಿದ್ದರೆ ಅದು ಮಾಯವಾದ ಸುದ್ದಿಯೂ ನಮಗೆ ತಿಳಿಯುತ್ತಿರಲಿಲ್ಲ.

ನಮ್ಮಲ್ಲಿ ಈ ಲೆಕ್ಕದ ಬಗ್ಗೆ ಮಾತೇ ಇಲ್ಲ ಎಂಬುದು ನನ್ನ ತಕರಾರು. 2009ರಲ್ಲಿ ದೇಶದ ಮೊದಲ ಹಂದಿಜ್ವರದ ಸಾವು ಇದೇ ಊರಿನಲ್ಲಾಯಿತು. ಆಗ ಮುಖಗವಸಿಗೆ ಮುಗಿಬಿದ್ದೆವು, ಆಮೇಲೆ ಮರೆತೆವು. ಆ ವೈರಸ್ಸಿನ ಸಂತತಿ ಈಗ ಮಾಮೂಲಿ ಫ್ಲೂ ಆಗಿ ವರ್ಷವರ್ಷ ಬರುತ್ತಿದೆ. ಮನೆಯಲ್ಲಿ ವಯಸ್ಸಾದವರು, ಗರ್ಭಿಣಿಯರು, ಸಕ್ಕರೆ ಕಾಯಿಲೆ ಅಥವಾ ಅಸ್ತಮಾ ಇರುವವರು ಇದ್ದರೆ ಫ್ಲೂ ಲಸಿಕೆಯ ಬಗ್ಗೆ ವೈದ್ಯರನ್ನು ಡಿಸೆಂಬರ್‌ನಲ್ಲಲ್ಲ, ಮುಂಗಾರಿಗೆ ಮೊದಲೇ ಕೇಳಿ.