ಹಪುತಲೆಯಲ್ಲಿ ಕಾಲು ಚಾಚಿ

ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನ ಹುಡುಗ 1852ರಲ್ಲಿ ಸಿಲೋನಿಗೆ ಬಂದಿಳಿದಾಗ ಅವನಿಗೆ ಮೀಸೆ ಸರಿಯಾಗಿ ಬಲಿತಿರಲಿಲ್ಲ. ಅಲ್ಲಿಂದ 1892ರಲ್ಲಿ ಸಾಯುವವರೆಗೆ, ನಲವತ್ತು ವರ್ಷ, ಕ್ಯಾಂಡಿಯ ಹತ್ತಿರದ ಗುಡ್ಡಗಳಲ್ಲೇ ದುಡಿದ. ಇಷ್ಟೂ ಕಾಲದಲ್ಲಿ ಅವನು ರಜೆ ಹಾಕಿದ್ದು ಒಂದೇ ಸಲ, 1874ರಲ್ಲಿ. ಆ ರಜೆಯಲ್ಲೂ ಹೋದದ್ದು ಡಾರ್ಜಿಲಿಂಗಿಗೆ, ಅಲ್ಲಿಯವರು ಚಹಾ ಹೇಗೆ ಮಾಡುತ್ತಾರೆಂದು ನೋಡಿ ಕಲಿಯಲು! ಸಿಲೋನಿನ ಚಹಾ ಉದ್ಯಮದ ಪಿತಾಮಹ ಎಂದು ಜಗತ್ತು ಹೊಗಳುವುದು ಈತನನ್ನೇ.

ನನ್ನ ತಂದೆಯವರಿಗೆ ಈ ಟೇಲರನ ಹೆಸರು ಗೊತ್ತಿರಲಿಲ್ಲ. ಗೊತ್ತಿದ್ದರೆ ಇಬ್ಬರಿಗೂ ಚೆನ್ನಾಗಿ ಕೂಡಿಬರುತ್ತಿತ್ತು. ಸುಳ್ಯದ ಕಡೆಯ ಅಡಿಕೆ ಕೃಷಿಕರು ಅವರು. ಮಳೆಗಾಲದಲ್ಲಿ ಮದ್ದು ಬಿಡುವುದು, ಬೇಸಗೆಯಲ್ಲಿ ನೀರು ಹಾಯಿಸುವುದು, ನಡುವೆ ಅಡಿಕೆ ಒಣಗಿಸುವುದು, ಸುಲಿಯುವುದು. ಮದುವೆಗೆ ಹೋದರೂ ಊಟದ ಪಂಕ್ತಿಯಿಂದ ಎದ್ದು ಕೈ ತೊಳೆದವರೇ ಆ ಮನೆಯವರ ತೋಟ ನೋಡಲು ಇಳಿಯುತ್ತಿದ್ದರು. ಸುಮ್ಮನೆ ಕೂತರೆ ಸೊಂಟ ಹಿಡಿಯುತ್ತದೆ ಎಂಬುದು ಅವರ ವೈದ್ಯಶಾಸ್ತ್ರ. ನಾನು ತೋಟ ಬಿಟ್ಟು ನೌಕರಿಗೆ ಸೇರಿದೆನಾದರೂ ಆ ರಕ್ತ ಹೋಗುವುದೆಲ್ಲಿಗೆ? ನಿವೃತ್ತನಾದ ಮೇಲೆ ಮನೆಯ ನಲ್ಲಿಗಳ ವಾಶರ್ ಬದಲಿಸುವುದನ್ನೇ ಒಂದು ಉದ್ಯೋಗವಾಗಿ ಮಾಡಿಕೊಂಡಿದ್ದೆ.

ಅದನ್ನು ನೋಡಲಾರದೆ ಮಗಳು ಶ್ರೀಲಂಕಾದ ಹಪುತಲೆಯಲ್ಲಿ, ಗುಡ್ಡದ ಓರೆಯ ಮೇಲಿನ ಹಳೆಯ ಎಸ್ಟೇಟ್ ಬಂಗ್ಲೆಯೊಂದನ್ನು ನಮ್ಮಿಬ್ಬರಿಗೆ ಬಾಡಿಗೆಗೆ ಹಿಡಿದುಬಿಟ್ಟಳು. "ಅಪ್ಪಾ, ಅಲ್ಲಿ ಹೋಗಿ ಏನೂ ಮಾಡಬಾರದು, ಸುಮ್ಮನೆ ಕೂತು ಬನ್ನಿ" ಎಂದು ಅಪ್ಪಣೆಯೂ ಆಯಿತು. ಸುಮ್ಮನೆ ಕೂರಲು ಸಮುದ್ರ ದಾಟಬೇಕೇ ಎಂದೆ. "ಇಲ್ಲಿ ನಿಮ್ಮಿಂದ ಆಗುವುದಿಲ್ಲ ಅಂತಲೇ ಅಲ್ಲಿಗೆ" ಎಂದಳು ಹೆಂಡತಿ, ಉಪ್ಪಿನಕಾಯಿ ಬಾಟಲಿಗೆ ಪ್ಲಾಸ್ಟಿಕ್ ಸುತ್ತುತ್ತಾ.

ಕೊಲಂಬೊದಿಂದ ಬದುಳ್ಳಕ್ಕೆ ಹೋಗುವ ರೈಲು ಗುಡ್ಡ ಹತ್ತುವಾಗ ಅವಸರ ಮಾಡುವುದಿಲ್ಲ. ಹೊರಗೆ ನೋಡಿದಷ್ಟೂ ಚಹಾ. ಆದರೆ ಈ ಹಳಿ ಶುರುವಾದದ್ದು ಚಹಾಕ್ಕಾಗಿ ಅಲ್ಲ, ಕಾಫಿಗಾಗಿ. ಹತ್ತೊಂಬತ್ತನೇ ಶತಮಾನದ ನಡುವೆ ಈ ಗುಡ್ಡಗಳೆಲ್ಲ ಕಾಫಿ ತೋಟಗಳು. ಎತ್ತಿನ ಗಾಡಿಯಲ್ಲಿ ಕಾಫಿ ಚೀಲ ಬಂದರಿಗೆ ಸಾಗಿಸಿ ಸಾಕಾದ ದೊರೆಗಳ ಒತ್ತಾಯಕ್ಕೆ 1867ರಲ್ಲಿ ಕ್ಯಾಂಡಿಯವರೆಗೆ ರೈಲು ಬಂತು. ಅದೇ ವರ್ಷ ಟೇಲರ್ ತಾನು ನೋಡಿಕೊಳ್ಳುತ್ತಿದ್ದ ಲೂಲ್‌ಕಂದೂರ ಎಸ್ಟೇಟಿನಲ್ಲಿ ಹತ್ತೊಂಬತ್ತು ಎಕರೆಯಲ್ಲಿ ಚಹಾ ಗಿಡ ನೆಟ್ಟ. ಎರಡು ವರ್ಷ ಕಳೆದು 1869ರಲ್ಲಿ ಕಾಫಿ ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಾಣಿಸಿಕೊಂಡಿತು.

ಕೊಡಗು, ಚಿಕ್ಕಮಗಳೂರಿನವರಿಗೆ ಈ ಪುಡಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಎಲೆ ತುಕ್ಕು ರೋಗ. ಸಂಪಾಜೆ ಘಾಟಿಯ ಮೇಲಿದ್ದ ಸೋದರಮಾವನ ತೋಟದಲ್ಲಿ ನಾನು ಚಿಕ್ಕವನಿದ್ದಾಗ ಎಲೆ ಮಗುಚಿ ಬೆರಳಿನಿಂದ ಒರೆಸಿ, ಹಣೆಗೆ ಹಚ್ಚಿಕೊಂಡು ಆಡಿದ್ದೇನೆ. ಮಾವ ಅದನ್ನು ಕಂಡು ನಕ್ಕಿರಲಿಲ್ಲ. ಆ ಪುಡಿ ಸಿಲೋನಿನ ಕಾಫಿಯನ್ನು ಇಪ್ಪತ್ತು ವರ್ಷದೊಳಗೆ ಮುಗಿಸಿತು. 1870ರಲ್ಲಿ ಸುಮಾರು ಹತ್ತು ಕೋಟಿ ಪೌಂಡ್ ಕಾಫಿ ರಫ್ತು ಮಾಡುತ್ತಿದ್ದ ದ್ವೀಪದಲ್ಲಿ 1889ರ ಹೊತ್ತಿಗೆ ಐವತ್ತು ಲಕ್ಷ ಪೌಂಡ್ ಆಗುವುದೂ ಕಷ್ಟವಾಯಿತು. ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಫ್ರಾನ್ಸಿನಲ್ಲಿ ಬೆಳಕಿಗೆ ಬಂದದ್ದು 1885ರಲ್ಲಿ, ಅದೂ ದ್ರಾಕ್ಷಿಗಾಗಿ. ಆ ಹೊತ್ತಿಗೆ ಇಲ್ಲಿ ಮದ್ದು ಬಿಡಲು ಗಿಡಗಳೇ ಹೆಚ್ಚು ಉಳಿದಿರಲಿಲ್ಲ. ನಮ್ಮ ಕಡೆ ಅದೇ ದ್ರಾವಣವನ್ನು ಅಡಿಕೆಯ ಕೊಳೆರೋಗಕ್ಕೆ ಬಿಡಿ ಎಂದು ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಸಾಹೇಬರು ಹೇಳಿಕೊಟ್ಟದ್ದು ಇನ್ನೂ ಇಪ್ಪತ್ತೈದು ವರ್ಷ ಕಳೆದ ಮೇಲೆ. ನಮ್ಮ ಕಾಫಿಗೂ ತುಕ್ಕು ಹಿಡಿದಿತ್ತು, ಆದರೆ ನಮ್ಮವರು ಬಿಡಲಿಲ್ಲ; ತಡೆದುಕೊಳ್ಳುವ ತಳಿ ಹುಡುಕುತ್ತಾ, ರೋಬಸ್ಟಾ ನೆಡುತ್ತಾ, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದವರನ್ನು ಬೈಯುತ್ತಾ, ಅವರನ್ನೇ ನಂಬುತ್ತಾ ಉಳಿಸಿಕೊಂಡರು. ಸಿಲೋನಿನ ದೊರೆಗಳು ಕಾಫಿ ಗಿಡ ಕಿತ್ತೆಸೆದು ಚಹಾ ನೆಟ್ಟರು. ಸತ್ತ ಕಾಫಿ ಗಿಡಗಳ ಕಾಂಡ ಇಂಗ್ಲೆಂಡಿಗೆ ಹೋಗಿ ಟೀ ಮೇಜಿನ ಕಾಲುಗಳಾದವು ಎಂದು ಅಲ್ಲಿನವರು ಈಗಲೂ ಹೇಳುತ್ತಾರೆ. ಕತೆಯೇ ಇರಲಿ, ಇದಕ್ಕಿಂತ ಕ್ರೂರವಾದ ತಮಾಷೆ ನಾನು ಕೇಳಿಲ್ಲ.

ಬಂಗ್ಲೆಗೆ ಬರೋಣ. ತಗಡಿನ ಮಾಡು, ಕೆಂಪು ಸಿಮೆಂಟಿನ ನೆಲ, ಕೋಣೆಗೊಂದು ಬೆಂಕಿಗೂಡು, ಮುಂದೆ ಉದ್ದಕ್ಕೂ ಜಗಲಿ. ಜಗಲಿಯಲ್ಲಿ ಬೆತ್ತ ಹೆಣೆದ ಎರಡು ಈಸಿಚೇರು. ಇವುಗಳ ಕೈ ಬೇಕಾದದ್ದಕ್ಕಿಂತ ಎರಡು ಪಟ್ಟು ಉದ್ದ. ನಾನು ಮೊದಲು ಬಡಗಿಯನ್ನು ಶಂಕಿಸಿದೆ. ಆಮೇಲೆ ನೋಡಿದರೆ ಕೈಯ ಕೆಳಗೆ ಇನ್ನೊಂದು ಹಲಗೆ ಅಡಗಿ ಕೂತಿದೆ. ಹಿತ್ತಾಳೆಯ ಮೊಳೆಯ ಮೇಲೆ ಅದನ್ನು ಹೊರಕ್ಕೆ ತಿರುಗಿಸಿದರೆ ಮುಂದಕ್ಕೆ ಚಾಚಿ ನಿಲ್ಲುತ್ತದೆ. ಅದರ ಮೇಲೆ ಕಾಲು ಹಾಕಬೇಕು, ಒಂದು ಕಾಲು ಈಚೆ, ಒಂದು ಕಾಲು ಆಚೆ. ಬೂಟು ಹಾಕಿಕೊಂಡು ಗುಡ್ಡ ಸುತ್ತಿ ಬಂದ ದೊರೆ ಹಾಗೆ ಕಾಲು ಹಾಕಿದರೆ ಆಳು ಬಂದು ಬೂಟು ಕಳಚಲು ಅನುಕೂಲ. ಪಂಚೆ ಉಟ್ಟವನಿಗೆ ಈ ಆಸನ ಹೇಳಿಸಿದ್ದಲ್ಲ ಎಂಬುದನ್ನು ಹೆಂಡತಿ ಕೂಡಲೇ ಕಂಡುಹಿಡಿದು ಪ್ಯಾಂಟು ತಂದುಕೊಟ್ಟಳು.

ಎಸ್ಟೇಟ್ ಬಂಗ್ಲೆಗಳ ಅಡುಗೆಯವರನ್ನು ಅಲ್ಲಿ ಅಪ್ಪು ಎನ್ನುತ್ತಾರೆ. ನಮ್ಮ ಅಪ್ಪು ಅರುವತ್ತು ದಾಟಿದ ತಮಿಳರು. ನನ್ನನ್ನು 'ಐಯಾ' ಎಂದೂ ಇವಳನ್ನು 'ಅಮ್ಮಾ' ಎಂದೂ ಕರೆದು, ನಾವು ಅಡುಗೆಮನೆಗೆ ಕಾಲಿಡದಂತೆ ಬಾಗಿಲಲ್ಲೇ ನಿಲ್ಲುತ್ತಿದ್ದರು. ಇವಳು ಬಿಡುವವಳೇ? ಒತ್ತುಶ್ಯಾವಿಗೆಯ ನೆಪದಲ್ಲಿ ಒಳಗೆ ಹೋದವಳು ಗುಜ್ಜೆ ಪಲ್ಯದ ಚರ್ಚೆಯಲ್ಲಿ ಅರ್ಧ ದಿನ ಕಳೆದಳು. ಅವರು ಎಳೆ ಹಲಸನ್ನು ಹುರಿದ ಮಸಾಲೆಯಲ್ಲಿ ಕಪ್ಪಗಾಗುವವರೆಗೆ ಬೇಯಿಸುತ್ತಾರೆ. ನಮ್ಮ ಗುಜ್ಜೆ ಪಲ್ಯ ಅದರ ಮುಂದೆ ಸಪ್ಪೆ ಎಂದು ಒಪ್ಪಿಕೊಳ್ಳದೆ ನಿರ್ವಾಹವಿಲ್ಲ. ಊಟದ ಕೊನೆಗೆ ಮಣ್ಣಿನ ಕುಡಿಕೆಯಲ್ಲಿ ಎಮ್ಮೆಯ ಗಟ್ಟಿ ಮೊಸರು, ಅದರ ಮೇಲೆ ಕಿತುಲ್ ಮರದ ಜೋನಿ. ಕಿತುಲ್ ಎಂದರೆ ನಮ್ಮ ಬೈನೆ. ನಮ್ಮೂರಲ್ಲಿ ಬೈನೆ ಮರ ಇರುವುದು ಕಳ್ಳಿಗೆ, ಇಲ್ಲವೇ ಆನೆಗೆ. "ನಮ್ಮ ಅಜ್ಜಂದಿರಿಗೆ ಇದು ಗೊತ್ತಿರಲಿಲ್ಲ ನೋಡಿ" ಎಂದು ಇವಳು ಎರಡನೇ ಕುಡಿಕೆಗೆ ಕೈಹಾಕಿದಳು.

ಇಂಥ ಜಗಲಿಯಲ್ಲಿ ಕೂತವನಿಗೆ ಏನು ಕಾಣಬೇಕೋ ಅದನ್ನೇ ಯೋಚಿಸಿ ಬಂಗ್ಲೆ ಕಟ್ಟಿದ್ದಾರೆ. ಎದುರಿಗೆ ಇಳಿಜಾರಿನ ತುಂಬ ಚಹಾ, ನಡುನಡುವೆ ಸಿಲ್ವರ್ ಮರಗಳು. (ಇಷ್ಟು ಸಿಲ್ವರ್ ಮರಗಳಿಗೆ ಒಂದು ಮೆಣಸಿನ ಬಳ್ಳಿಯನ್ನೂ ಹಬ್ಬಿಸಿಲ್ಲವಲ್ಲ ಎಂದು ನನ್ನೊಳಗಿನ ತಂದೆಯವರು ಕೊರಗಿದರು.) ಬೆಳಗಾಗುತ್ತಲೇ ಹೆಂಗಸರು ಸಾಲಾಗಿ ಇಳಿಯುತ್ತಾರೆ. ಗಿಡದ ನೆತ್ತಿಯ ಮೇಲೆ ಒಂದು ಕೋಲನ್ನು ಅಡ್ಡ ಇಟ್ಟು, ಅದಕ್ಕಿಂತ ಮೇಲೆ ಬಂದ ಎರಡು ಎಲೆ, ಒಂದು ಕುಡಿಯನ್ನು ಮಾತ್ರ ಚಿವುಟಿ ಬೆನ್ನ ಹಿಂದಿನ ಚೀಲಕ್ಕೆ ಎಸೆಯುತ್ತಾರೆ, ತಿರುಗಿ ನೋಡದೆ. ದಿನಕ್ಕೆ ಹೆಚ್ಚುಕಡಿಮೆ ಹದಿನೆಂಟು ಕಿಲೋ ಆಗಬೇಕು, ಆಗದಿದ್ದರೆ ಸಂಬಳಕ್ಕೆ ಕತ್ತರಿ. ಒಂದು ಕಿಲೋ ಚಹಾಪುಡಿಗೆ ನಾಲ್ಕೂವರೆ, ಐದು ಕಿಲೋ ಹಸಿ ಎಲೆ ಬೇಕು. ದೊರೆ ಕೂತಲ್ಲಿಂದಲೇ ಯಾರ ಕೈ ನಿಂತಿದೆ ಎಂದು ನೋಡಬಹುದಿತ್ತು. ಆ ಕುರ್ಚಿ ಮಲಗಲು ಮಾಡಿದ್ದಲ್ಲ, ಕಾವಲಿಗೆ ಮಾಡಿದ್ದು.

ಜಗಲಿಯೂ ಅಷ್ಟೆ. ಟೇಲರನ ಮೊದಲ ಚಹಾ ಕಾರ್ಖಾನೆ ಅವನ ಬಂಗ್ಲೆಯ ಜಗಲಿಯೇ ಆಗಿತ್ತು. ಮೇಜಿನ ಮೇಲೆ ಎಲೆ ಹರಡಿ, ಅಂಗೈಯಿಂದ ಮೊಣಕೈವರೆಗೆ ಒತ್ತಿ ಉರುಳಿಸಿ, ಮಣ್ಣಿನ ಒಲೆಯ ಕೆಂಡದ ಮೇಲೆ ಒಣಗಿಸುತ್ತಿದ್ದರು. ಟೇಲರನ ಕೊನೆಗಾಲದಲ್ಲಿ, ಆರೋಗ್ಯ ಸರಿಯಿಲ್ಲ, ಆರು ತಿಂಗಳು ರಜೆ ತೆಗೆದುಕೋ ಎಂದರು ಮೇಲಿನವರು. ಒಪ್ಪಲಿಲ್ಲ. ಕೆಲಸದಿಂದ ತೆಗೆದರು, ಆದರೂ ಗುಡ್ಡ ಇಳಿಯಲಿಲ್ಲ, ಅಲ್ಲೇ ಆಮಶಂಕೆಯಾಗಿ ತೀರಿಕೊಂಡ. ಭಾರಿ ಆಳು, ಶವಪೆಟ್ಟಿಗೆಯನ್ನು ಇಪ್ಪತ್ತನಾಲ್ಕು ಜನ ಸರದಿಯಲ್ಲಿ ಕ್ಯಾಂಡಿಯವರೆಗೆ ಹೊತ್ತರಂತೆ. ಹಿಂದೆ ನಡೆದ ಕೂಲಿಗಳು ಸಾಮಿ ದೊರೆ, ಸಾಮಿ ದೊರೆ ಎಂದು ಅಳುತ್ತಿದ್ದರಂತೆ. ಈ ಗುಡ್ಡಗಳಲ್ಲಿ ತೋಟದ ಆಳುಗಳೂ ವಿಶ್ರಾಂತಿ ಪಡೆಯಲಿಲ್ಲ, ದೊರೆಯೂ ಪಡೆಯಲಿಲ್ಲ. ಎಸ್ಟೇಟ್ ಬಂಗ್ಲೆಯಲ್ಲಿ ನಿಜವಾಗಿ ಸೋಮಾರಿಯಾಗಿ ಬಿದ್ದುಕೊಂಡ ಮೊದಲ ತಲೆಮಾರು ಎಂದರೆ ಬಾಡಿಗೆ ಕೊಟ್ಟು ಬರುವ ನಾವೇ.

ದಂಬತೆನ್ನದ ಮೇಲಿರುವ ಲಿಪ್ಟನ್ ಸೀಟಿಗೂ ಹೋಗಿ ಬಂದೆವು. ಗ್ಲಾಸ್ಗೋದ ಕಿರಾಣಿ ವ್ಯಾಪಾರಿ ಥಾಮಸ್ ಲಿಪ್ಟನ್ 1890ರಲ್ಲಿ ಇಲ್ಲಿಗೆ ಬಂದು, ಕಾಫಿ ಸತ್ತು ಅಗ್ಗವಾಗಿದ್ದ ಎಸ್ಟೇಟುಗಳನ್ನು ಕೊಂಡು, ತನ್ನ ಅಂಗಡಿಗೆ ತಾನೇ ಚಹಾ ಬೆಳೆದುಕೊಂಡ. ಈಗ ಬೆಂಚಿನ ಮೇಲೆ ಕಪ್ಪು ಹಿಡಿದು ಪ್ರತಿಮೆಯಾಗಿ ಕೂತಿದ್ದಾನೆ. ಪಕ್ಕದಲ್ಲಿ ಕೂತು ಫೋಟೊ ತೆಗೆಸಿಕೊಳ್ಳಲು ಸರತಿ ಸಾಲು.

ನನಗೆ ಹೆಚ್ಚು ಮುಖ್ಯವಾಗಿದ್ದ ಜಾಗ ದೆಮೊದರ. ಅದಕ್ಕೆ ಕಾರಣ ನನ್ನ ಶಾಲೆಯ ಗೆಳೆಯ. 1970ರ ದಶಕದಲ್ಲಿ ನಮ್ಮ ತರಗತಿಗೆ ಸೇರಿದ ಹುಡುಗ. ಕನ್ನಡ ಬಾರದು, ಊರು ಯಾವುದೆಂದು ಮಾಸ್ತರರು ಕೇಳಿದರೆ ಬದುಳ್ಳ ಎನ್ನುತ್ತಿದ್ದ. ಸುಳ್ಯ, ಪುತ್ತೂರಿನ ಸರಕಾರಿ ರಬ್ಬರ್ ತೋಟಗಳಲ್ಲಿ ಆಗ ಸಿಲೋನಿನಿಂದ ಬಂದ ಕುಟುಂಬಗಳನ್ನು ತಂದು ನೆಲೆಗೊಳಿಸಿದ್ದರು. ಬೆಳಗಿನ ಜಾವ ಅಪ್ಪನ ಜೊತೆ ರಬ್ಬರ್ ಮರಕ್ಕೆ ಕತ್ತಿ ಹಾಕಿ, ಗೆರಟೆಗಳಿಂದ ಹಾಲು ಬಕೆಟಿಗೆ ಸುರಿದು, ಆಮೇಲೆ ಶಾಲೆಗೆ ಬರುತ್ತಿದ್ದ. ಉಗುರಿನ ಸಂದಿಯಲ್ಲಿ ಒಣಗಿದ ರಬ್ಬರು. ಪಾಠದ ನಡುವೆ ಅದನ್ನು ಎಳೆದು ಉಂಡೆ ಮಾಡಿ ನಮಗೆ ಕೊಡುತ್ತಿದ್ದ. ಅವನು ಹೇಳುತ್ತಿದ್ದ ಒಂದು ಸಂಗತಿಗೆ ಇಡೀ ತರಗತಿ ನಗುತ್ತಿತ್ತು: ನಮ್ಮೂರ ಹತ್ತಿರ ಒಂದು ಸ್ಟೇಶನ್ ಇದೆ, ರೈಲು ಅದನ್ನು ಬಿಟ್ಟು ಗುಡ್ಡ ಸುತ್ತಿ ಅದೇ ಸ್ಟೇಶನಿನ ಅಡಿಯಿಂದ ಹೋಗುತ್ತದೆ. ದೆಮೊದರದಲ್ಲಿ ಇಳಿದು ನೋಡಿದೆ. ಹಳಿ ಸುತ್ತಿಬಂದು, ನಿಲ್ದಾಣದ ನೇರ ಕೆಳಗೆ ಸುರಂಗದೊಳಗೆ ನುಗ್ಗುತ್ತದೆ. 1924ರಲ್ಲಿ ಬದುಳ್ಳ ಮುಟ್ಟಿದ ಈ ಹಳಿಯನ್ನು ಅಷ್ಟು ಕಡಿದಾದ ಜಾಗದಲ್ಲಿ ಇಳಿಸಲು ಬೇರೆ ದಾರಿ ಇರಲಿಲ್ಲ.

ಅವನ ಪೂರ್ವಿಕರು ಬಂದದ್ದು ಕಾಫಿಯ ಕಾಲದಲ್ಲೋ ಚಹಾದ ಕಾಲದಲ್ಲೋ, ಅವನಿಗೂ ತಿಳಿದಿರಲಿಲ್ಲ. ಮೊದಮೊದಲು ಬಂದವರು ತಮಿಳುನಾಡಿನಿಂದ ಕಡಲು ದಾಟಿ ಮನ್ನಾರಿನ ಕಡೆ ಇಳಿದು, ಕಾಡಿನಲ್ಲಿ ಸುಮಾರು ನೂರೈವತ್ತು ಮೈಲಿ ನಡೆದು ಗುಡ್ಡ ಸೇರಿದವರು. ಕಾಲರಾದಿಂದ ದಾರಿಯಲ್ಲೇ ಉಳಿದವರು ಎಷ್ಟೋ. ಬದುಕಿ ಗುಡ್ಡ ಮುಟ್ಟಿದವರಿಗೆ ಹತ್ತು ಅಡಿಗೆ ಹನ್ನೆರಡು ಅಡಿಯ ಲೈನ್ ಮನೆ. 1948ರಲ್ಲಿ ಸ್ವತಂತ್ರ ಸಿಲೋನಿನ ಕಾಯ್ದೆ ಅವರಿಗೆ ಪೌರತ್ವವಿಲ್ಲ ಎಂದಿತು. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿ, ಸಿರಿಮಾವೊ ಬಂಡಾರನಾಯಿಕೆ ಕೂತು 9.75 ಲಕ್ಷ ಜನರನ್ನು ಪಾಲು ಮಾಡಿದರು: ಭಾರತಕ್ಕೆ 5.25 ಲಕ್ಷ, ಸಿಲೋನಿಗೆ 3 ಲಕ್ಷ, ಉಳಿದವರ ಮಾತು ಆಮೇಲೆ. ಹಿಸ್ಸೆಯಲ್ಲಿ ನನ್ನ ಗೆಳೆಯ ನಮ್ಮ ಪಾಲಿಗೆ ಬಂದ.

ಇದನ್ನು ನನ್ನ ಹರಕು ತಮಿಳಿನಲ್ಲಿ ಅಪ್ಪುವಿಗೆ ಹೇಳಿದೆ. ಅವರ ಸೋದರತ್ತೆಯೂ ಹಡಗು ಹತ್ತಿ ನೀಲಗಿರಿಯ ಕಡೆ ಹೋದವರಂತೆ. ಸುಳ್ಯದಲ್ಲೂ ನಮ್ಮವರು ಇದ್ದಾರೆಯೇ ಎಂದು ಆಶ್ಚರ್ಯಪಟ್ಟರು. ಕೇಳಿದ್ದು ಒಂದೇ ಪ್ರಶ್ನೆ, "ಐಯಾ, ಅಲ್ಲಿ ಚಳಿ ಇದೆಯಾ?" ಇಲ್ಲ, ಬೆವರು, ಮಳೆ ಎಂದೆ. "ಪಾವಂ" ಎಂದು ಒಳಗೆ ಹೋಗಿ ಚಹಾ ತಂದರು. ನನ್ನ ಗೆಳೆಯನ ಅಜ್ಜಿ ನಮ್ಮೂರಿನ ಏಪ್ರಿಲಿನಲ್ಲಿ ಒದ್ದೆ ಗೋಣಿಚೀಲ ಹಾಸಿ ಮಲಗುತ್ತಿದ್ದದ್ದನ್ನು ಅವರಿಗೆ ಹೇಳಲು ಹೋಗಲಿಲ್ಲ.

ಇನ್ನು ಹೋಗುವ ಮನಸ್ಸಿರುವವರಿಗೆ. ಲಿಪ್ಟನ್ ಸೀಟಿಗೆ ನಸುಕಿನಲ್ಲೇ ಹೊರಡಿ, ಒಂಬತ್ತು ಗಂಟೆಯಾದರೆ ಮಂಜು ಮುಚ್ಚಿ ಪಕ್ಕದಲ್ಲಿ ಕೂತ ಹೆಂಡತಿಯೂ ಕಾಣುವುದಿಲ್ಲ. ರೈಲಿನಲ್ಲಿ ಎರಡನೇ ದರ್ಜೆ ಸಾಕು, ಕಿಟಕಿ ತೆರೆಯುತ್ತದೆ. ಬಂಗ್ಲೆಯ ಅಡುಗೆಯವರ ಕೈಗೆ ಬಕ್ಷೀಸು ನೇರವಾಗಿ ಕೊಡಿ. ಚಹಾಪುಡಿ ಒಯ್ಯಬೇಡಿ, ಅಲ್ಲಿ ಸಾಕುಬೇಕಾದಷ್ಟು ಇದೆ. ಕಾಫಿಪುಡಿ ಮಾತ್ರ ಮರೆಯದೆ ಒಯ್ಯಿರಿ, ಫಿಲ್ಟರನ್ನೂ. ಆ ಗುಡ್ಡದ ಮೇಲೆ ನಮ್ಮ ಬಾಯಿಗೆ ಹಿಡಿಸುವ ಒಂದು ಲೋಟ ಕಾಫಿ ನನಗೆಲ್ಲೂ ಸಿಗಲಿಲ್ಲ.