ಕಾಜಾಂಗ್ ಪಟ್ಟಣದ ‘ಸಾತೇ’

ಮಲೇಷ್ಯಾ ದೇಶದ ರಾಜಧಾನಿಯಾದ ಕೌಲಾಲಂಪುರದಿಂದ ಆಗ್ನೇಯಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ ಕಾಜಾಂಗ್ ಎಂಬ ಪಟ್ಟಣವಿದೆ. ಸಂಜೆಯಾಯಿತೆಂದರೆ ಅಲ್ಲಿ ಇದ್ದಲಿನ ಹೊಗೆಯೂ ಸಂಬಾರದ ಪರಿಮಳವೂ ಬೆರೆತು ಬೀದಿಯನ್ನು ತುಂಬುವುವು. ಮಸಾಲೆಯಲ್ಲಿ ನೆನೆಸಿ, ಕಡ್ಡಿಗೆ ಪೋಣಿಸಿ, ಕೆಂಡದ ಮೇಲೆ ಸುಟ್ಟ ಮಾಂಸವನ್ನು ಆ ದೇಶದವರು ‘ಸಾತೇ’ ಎನ್ನುವರು. ಅದಕ್ಕೆ ಹೆಸರಾದ ಊರು ಇದು. ನಮ್ಮ ಮಗನು ಉದ್ಯೋಗನಿಮಿತ್ತ ಅಲ್ಲಿ ನೆಲೆಸಿರುವುದರಿಂದ ನಾವು ಸಪತ್ನೀಕರಾಗಿ ಎರಡು ತಿಂಗಳು ಅಲ್ಲಿ ಇದ್ದು ಬಂದೆವು.

ನೆರೆಮನೆಯವರು ಮಲಯ ಮುಸಲ್ಮಾನರು. ರಂಜಾನ್ ಹಬ್ಬದ ಮರುದಿನ ಅಂಗಳದಲ್ಲಿ ಸಾತೇ ಸುಡುವುದಾಗಿಯೂ ನಾವು ಬರಲೇಬೇಕೆಂದೂ ಹೇಳಿಕಳುಹಿಸಿದರು. ನಾವೋ ಮಾಂಸ ಮುಟ್ಟದವರು. ಹೋದರೆ ಆಚಾರಕ್ಕೆ ಕುಂದೆಂದು ಅಳುಕು. ಹೋಗದಿದ್ದರೆ ನಿತ್ಯವೂ ಅವರ ಮುಖ ನೋಡಬೇಕಾದವನು ನಮ್ಮ ಮಗ. ಮನೆಯಾಕೆಯು, “ಅಡಿಗೆ ನೋಡುವುದರಿಂದ ಯಾರಿಗೂ ದೋಷ ತಟ್ಟುವುದಿಲ್ಲ, ನೀವು ನಾಳೆ ಬನ್ನಿ, ನಾನು ಈಗಲೇ ಹೋಗುತ್ತೇನೆ” ಎಂದು ಹಿಂದಿನ ದಿನವೇ ಅವರ ಅಡಿಗೆಮನೆಗೆ ಹೊರಟುಬಿಟ್ಟಳು.

ಸಾತೇಯ ಸ್ವಾರಸ್ಯವೆಲ್ಲವೂ ಆ ಹಿಂದಿನ ದಿನದ ಸಂಸ್ಕಾರದಲ್ಲಿದೆ. ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ದುಂಪರಾಸ್ಮೆ, ಮಜ್ಜಿಗೆಹುಲ್ಲಿನ ಬಿಳಿಯ ಬುಡ, ಅರಿಸಿನ, ಕೊತ್ತಂಬರಿಬೀಜ, ಜೀರಿಗೆ ಇವನ್ನು ನುಣ್ಣಗೆ ಅರೆದು, ಸಕ್ಕರೆ, ಉಪ್ಪು, ಎಣ್ಣೆ ಕೂಡಿಸುವರು. ಮೂಳೆ ತೆಗೆದ ಕೋಳಿಮಾಂಸವನ್ನು ಅಡಿಕೆಯಷ್ಟಷ್ಟು ತುಂಡುಮಾಡಿ ಈ ಅರಪಿನಲ್ಲಿ ಕಲಸಿ, ರಾತ್ರಿಯೆಲ್ಲ ಶೀತಪೆಟ್ಟಿಗೆಯಲ್ಲಿ ಇರಿಸುವರು. ಪೋಣಿಸುವ ಬಿದಿರುಕಡ್ಡಿಯನ್ನು ಮೊದಲೇ ನೀರಿನಲ್ಲಿ ನೆನೆಸತಕ್ಕದ್ದು; ಇಲ್ಲವಾದರೆ ಕಡ್ಡಿಯೇ ಉರಿದುಹೋದೀತು. ಜ್ವಾಲೆಯಡಗಿ, ಬೂದಿ ಮುಸುಕಿದ ಕೆಂಡದ ಮೇಲೆಯೇ ಸುಡಬೇಕು. ಸಕ್ಕರೆಯಿರುವುದರಿಂದ ಬೇಗ ಸೀಯುವುದು. ಆದಕಾರಣ ಎಡೆಬಿಡದೆ ಹೊರಳಿಸುತ್ತಿರಬೇಕು. ಮಜ್ಜಿಗೆಹುಲ್ಲಿನ ತುದಿಯನ್ನು ಜಜ್ಜಿ, ಅದನ್ನೇ ಕುಂಚವಾಗಿ ಹಿಡಿದು ಎಣ್ಣೆ ಸವರುವರು. ಹಸಿಮಾಂಸ ನೆನೆದ ಅರಪನ್ನು ಬೆಂದುದಕ್ಕೆ ಎಂದಿಗೂ ಹಚ್ಚಕೂಡದು. ಜೊತೆಗೆ ಹುರಿದ ನೆಲಗಡಲೆಯ ಗೊಜ್ಜು, ಸೌತೆಕಾಯಿ, ಹಸಿ ಈರುಳ್ಳಿ, ತೆಂಗಿನ ಗರಿಯಿಂದ ಹೆಣೆದ ಪುಟ್ಟ ಚೀಲದಲ್ಲಿ ಅಕ್ಕಿಯನ್ನು ಬೇಯಿಸಿದ ‘ಕೆತುಪಾತ್’ ಇರುವುವು. ಇದನ್ನು ಕಂಡರೆ ನಮ್ಮ ಕರಾವಳಿಯವರಿಗೆ ಮೂಡೆಯ ನೆನಪಾಗದಿರದು.

ಕೆಂಡದ ಮುಂದೆ ಕುಳಿತಾಗ ನಮಗೆ ಅಮರಕೋಶವು ನೆನಪಿಗೆ ಬಂದಿತು. ಶೂಲದಲ್ಲಿ ಸುಟ್ಟ ಮಾಂಸಕ್ಕೆ ಅಲ್ಲಿ ‘ಭಟಿತ್ರ’, ‘ಶೂಲ್ಯ’ ಎಂಬ ಹೆಸರುಗಳುಂಟು. ಕಲ್ಯಾಣದಲ್ಲಿ 1126ರಿಂದ 1138ರವರೆಗೆ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನೂ ತನ್ನ ‘ಮಾನಸೋಲ್ಲಾಸ’ದಲ್ಲಿ ಇಂತಹ ಅಡಿಗೆಯನ್ನು ವರ್ಣಿಸಿದ್ದಾನೆ. 30 ವರ್ಷ ಹುಡುಗರಿಂದ ಬಾಯಿಪಾಠ ಮಾಡಿಸಿದ ಪದಗಳ ಅರ್ಥವನ್ನು ನಾವು ಕಣ್ಣಾರೆ ಕಂಡುದು ಸಮುದ್ರದಾಚೆಯ ಆ ಅಂಗಳದಲ್ಲಿಯೇ! ಅವರ ಮಾತಿನಲ್ಲಿಯೂ ರುಚಿಗೆ ‘ರಾಸ’, ಜೇನಿಗೆ ‘ಮಾದು’, ಉಪವಾಸಕ್ಕೆ ‘ಪುವಾಸ’. ನಾವು ಉಪಾಧ್ಯಾಯರೆಂದು ತಿಳಿದೊಡನೆ ಮಕ್ಕಳೆಲ್ಲರೂ ‘ಚಿಕ್ಗು’ ಎಂದು ಕರೆಯತೊಡಗಿದರು. ಅವರ ಗೌರವವಾಚಕವೂ ನಮ್ಮ ‘ಗುರು’ ಶಬ್ದವೂ ಕೂಡಿ ಆದ ಪದವದು.

ಅಂಗಳದ ಇನ್ನೊಂದು ಮೂಲೆಯಲ್ಲಿ ಹೊಸದಾದೊಂದು ಅಗ್ಗಿಷ್ಟಿಕೆಯಿತ್ತು. ಸೋಯಾಕಾಳನ್ನು ಹುದುಗಿಸಿ ಬಿಲ್ಲೆಯಾಗಿ ಮಾಡಿದ ‘ತೆಂಪೆ’ಯೂ ಬದನೆಯ ಹೋಳುಗಳೂ ಅದರ ಮೇಲೆ ಬೇಯುತ್ತಿದ್ದುವು. ಮಾಂಸ ಸೋಕುವುದಕ್ಕೆ ಮುನ್ನವೇ ಅರಪಿನ ಒಂದು ಪಾಲನ್ನು ಆ ಮನೆಯ ಹಿರಿಯಾಕೆಯು ನಮಗಾಗಿ ತೆಗೆದಿರಿಸಿದ್ದರು. ನಾವು ಒಂದು ಮಾತನ್ನೂ ಕೇಳಿರಲಿಲ್ಲ. ನಮ್ಮ ಸಂಕೋಚವನ್ನು ನಮಗಿಂತ ಮೊದಲು ಅವರೇ ಅರಿತಿದ್ದರು. ನಾವು ತೃಪ್ತಿಯಾಗಿ ಉಂಡೆವು. ಆಚಾರಕ್ಕೂ ಕುಂದು ಬರಲಿಲ್ಲ.

ಬೇರೆ ಬೇರೆ ಆಹಾರದ ನೆರೆಯವರನ್ನು ಮನೆಗೆ ಕರೆಯುವ ಗೃಹಿಣಿಯರು ಇದನ್ನು ಗಮನಿಸಬೇಕೆಂದು ಪ್ರಾರ್ಥಿಸುತ್ತೇವೆ. ಅರಪನ್ನು ಮೊದಲೇ ಎರಡು ಪಾಲು ಮಾಡಿಡುವುದು ಅರೆಗಳಿಗೆಯ ಕೆಲಸ.