ಬೆಳ್ಳೂರು ಕ್ರಾಸ್ ಇನ್ನೆಷ್ಟು ದೂರ?

ಕಾರಿನ ಅವಯವಗಳಲ್ಲಿ ಮನುಷ್ಯನ ಆದರಕ್ಕೆ ಎಂದೂ ಪಾತ್ರವಾಗದಿರುವುದು ಬೆಲ್ಟು. ಬಣ್ಣಕ್ಕೆ ಹೊಗಳಿಕೆಯುಂಟು; ಆಯುಧಪೂಜೆಯ ದಿನ ಚಕ್ರಕ್ಕೆ ನಿಂಬೆಹಣ್ಣೂ ಮುಂಭಾಗಕ್ಕೆ ಹೂವಿನ ಹಾರವೂ ಉಂಟು. ಬಾನೆಟ್ಟಿನ ಕೆಳಗಿನ ಕತ್ತಲೆಯಲ್ಲಿ ಹಗಲಿರುಳು ಸುತ್ತುವ ಆ ರಬ್ಬರಿನ ಪಟ್ಟಿಗೆ ಕುಂಕುಮವಿಟ್ಟವರುಂಟೆ? ಅದೊಂದು ಇತ್ತೆಂಬ ಸಂಗತಿ ತಿಳಿಯುವುದೇ ಅದು ತುಂಡಾದ ದಿನ.

ಹಿಂದಿನ ಅಂಬಾಸಡರ್ ಕಾರಿನ ಯಜಮಾನರು ಇದನ್ನು ಫ್ಯಾನ್ ಬೆಲ್ಟ್ ಎಂದು ಕರೆಯುತ್ತಿದ್ದರು. ಎಂಜಿನ್ನಿನ ಶಕ್ತಿಯಲ್ಲಿ ಒಂದಿಷ್ಟು ಪಾಲು ಪಡೆದು ಫ್ಯಾನನ್ನೂ ನೀರಿನ ಪಂಪನ್ನೂ ವಿದ್ಯುತ್ತು ಹುಟ್ಟಿಸುವ ಡೈನಮೋವನ್ನೂ ತಿರುಗಿಸುವುದು ಅದರ ಕಾಯಕ. ಬಲ್ಲವರು ಡಿಕ್ಕಿಯಲ್ಲಿ ಒಂದು ಡಬ್ಬ ನೀರನ್ನೂ ಇನ್ನೊಂದು ಬೆಲ್ಟನ್ನೂ ಇಟ್ಟುಕೊಂಡೇ ದೂರ ಪ್ರಯಾಣ ಹೊರಡುತ್ತಿದ್ದರು. 2014ರಲ್ಲಿ ಅಂಬಾಸಡರ್ ತಯಾರಿಕೆಯೇ ನಿಂತುಹೋಯಿತು. ಈಗಿನ ಕಾರುಗಳಲ್ಲಿ ಫ್ಯಾನಿಗೆ ಪ್ರತ್ಯೇಕ ವಿದ್ಯುತ್ ಮೋಟಾರು ಬಂದಿದೆ. ಆದರೂ ಎಷ್ಟೋ ಕಾರುಗಳಲ್ಲಿ ನೀರಿನ ಪಂಪು ಇಂದಿಗೂ ಬೆಲ್ಟನ್ನೇ ನೆಚ್ಚಿಕೊಂಡಿದೆ.

ಈ ನೆಚ್ಚಿಕೆ ಸಾಮಾನ್ಯವಾದುದಲ್ಲ. ಸಿಲಿಂಡರಿನೊಳಗೆ ಉರಿಯುವ ಅನಿಲದ ಶಾಖ 2000 ಡಿಗ್ರಿ ಸೆಲ್ಸಿಯಸನ್ನು ಮೀರುತ್ತದೆ. ಎಂಜಿನ್ನಿನ ಹೆಡ್ ತಯಾರಾಗುವ ಅಲ್ಯೂಮಿನಿಯಮ್ ಕರಗುವುದಾದರೋ ಸುಮಾರು 660 ಡಿಗ್ರಿಯಲ್ಲಿ. ಈ ಬೆಂಕಿಗೂ ಆ ಲೋಹಕ್ಕೂ ನಡುವೆ ಸಂಧಾನ ನಡೆಸುವುದು ಹರಿಯುವ ನೀರು. ಪಂಪು ನಿಂತರೆ ನೀರೂ ನಿಲ್ಲುತ್ತದೆ. ನಿಂತ ನೀರು ಕುದಿಯುತ್ತದೆ.

ಬೆಂಗಳೂರಿನಿಂದ ಹಾಸನಕ್ಕೆ ಮದುವೆಗೆಂದು ಹೊರಟ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಯಜಮಾನರು ವಧುವಿನ ಸೋದರಮಾವ. ಅವಳನ್ನು ಹಸೆಮಣೆಗೆ ಕರೆತರಬೇಕಾದವರು. ಕಾರಿನ ಸಾಲದ ಕಂತುಗಳು ಇನ್ನೂ ತೀರಿಲ್ಲ. ಮುಹೂರ್ತ ಹನ್ನೊಂದಕ್ಕೆ. ಕುಣಿಗಲ್ ಕಳೆಯಿತು, ಯಡಿಯೂರೂ ಕಳೆಯಿತು. ಆಗ ಬಾನೆಟ್ಟಿನ ಒಳಗಿಂದ ಚಾಟಿಯಲ್ಲಿ ಹೊಡೆದಂಥ ಒಂದು ಸದ್ದು. ಹಿಂದೆಯೇ ಚಾಲಕನ ಮುಂದೆ ಬ್ಯಾಟರಿಯ ಕೆಂಪು ದೀಪ.

“ರೀ, ಏನೋ ಕೆಂಪು ದೀಪ ಹತ್ತಿಕೊಂಡಿದೆ, ನೋಡಿ.”

“ಬ್ಯಾಟರಿಯದು ಕಣೇ. ಇನ್ನೇನು, ಬೆಳ್ಳೂರು ಕ್ರಾಸ್ ಬಂದೇಬಿಟ್ಟಿತು. ಅಲ್ಲಿ ಕಾಫಿಯೂ ಆಗುತ್ತದೆ, ರಿಪೇರಿಯೂ ಆಗುತ್ತದೆ.”

ಬೆಂಗಳೂರಿನಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿ, ಮಂಗಳೂರಿನ ಹೆದ್ದಾರಿಗೆ ನಾಗಮಂಗಲದ ರಸ್ತೆ ಬಂದು ಕೂಡುವ ಆ ಕ್ರಾಸ್ ಎಂಥ ದಣಿದವನಿಗೂ ಧೈರ್ಯ ಕೊಡುವ ಸ್ಥಳ. ಅಪಾಯವಿದ್ದುದು ಆ ಧೈರ್ಯದಲ್ಲಿಯೇ. ಬೆಲ್ಟು ಕಡಿದ ಗಳಿಗೆಯಲ್ಲಿ ಎಂಜಿನ್ನಿಗೆ ಯಾವ ಊನವೂ ಆಗಿರಲಿಲ್ಲ. ಸೂಚನೆ ಮೊದಲು ದೀಪದ ರೂಪದಲ್ಲಿ ಬಂತು. ಕೆಲವು ನಿಮಿಷಗಳಲ್ಲಿ ಶಾಖದ ಮುಳ್ಳು ಮೇಲೇರಿತು. ಸಿಹಿಯಾದ ಒಂದು ವಾಸನೆಯೊಡನೆ ಹಬೆಯೂ ಕಾಣಿಸಿಕೊಂಡಿತು. ಆಮೇಲೆ ನಡೆದದ್ದೇ ವಿಚಿತ್ರ: ಏರಿದ್ದ ಮುಳ್ಳು ತಾನಾಗಿಯೇ ಇಳಿಯತೊಡಗಿತು! “ನೋಡಿದೆಯಾ, ಗಾಳಿಗೆ ತಣ್ಣಗಾಯಿತು” ಎಂದು ಯಜಮಾನರ ಮುಖ ಅರಳಿತು. ಪಾಪ! ನೀರೆಲ್ಲ ಆರಿಹೋದರೆ, ನೀರಿನ ಬಿಸಿಯನ್ನು ಅಳೆಯಬೇಕಾದ ಉಪಕರಣಕ್ಕೆ ಅಳೆಯಲು ನೀರೇ ಇರುವುದಿಲ್ಲ. ರೋಗಿಯ ನಾಡಿ ನಿಂತಿದ್ದನ್ನು ಜ್ವರ ಬಿಟ್ಟಿತೆಂದು ತಿಳಿದಂತಾಯಿತು.

ಕ್ರಾಸ್ ಕಣ್ಣಿಗೆ ಬೀಳುವ ವೇಳೆಗೆ ಎಂಜಿನ್ ಕಟಕಟನೆ ಸದ್ದು ಮಾಡಿ ನಿಂತಿತು. ಹೆಡ್ ಬಾಗಿತ್ತು, ಅದರಡಿಯ ಗ್ಯಾಸ್ಕೆಟ್ ಸುಟ್ಟುಹೋಗಿತ್ತು, ಹಿಗ್ಗಿದ ಪಿಸ್ಟನ್‌ಗಳು ಸಿಲಿಂಡರಿನ ಗೋಡೆಯನ್ನು ಕಚ್ಚಿಕೊಂಡಿದ್ದವು. ಮೆಕ್ಯಾನಿಕ್ ಅಳತೆಯ ಕಡ್ಡಿಯನ್ನು ಎಳೆದು ತೋರಿಸಿದಾಗ ಅಳಿದುಳಿದ ನೀರಿನೊಡನೆ ಬೆರೆತ ಎಣ್ಣೆಗೆ ಹಾಲು ಹಾಕಿದ ಕಾಫಿಯ ಬಣ್ಣ ಬಂದಿತ್ತು. ಬೆಳ್ಳೂರು ಕ್ರಾಸಿನಲ್ಲಿ ಯಜಮಾನರಿಗೆ ದೊರೆತ ಕಾಫಿ ಅದು!

ಸಂಸಾರ ಬಸ್ಸು ಹಿಡಿದು ಹಾಸನ ಸೇರಿದಾಗ ಧಾರೆ ಮುಗಿದಿತ್ತು. ವಧುವನ್ನು ದೂರದ ಸಂಬಂಧದ ಮಾವನೊಬ್ಬ ಹಸೆಮಣೆಗೆ ಕರೆತಂದಿದ್ದ. ದೀಪ ಹತ್ತಿದ ಸ್ಥಳದಲ್ಲಿಯೇ ನಿಲ್ಲಿಸಿ, ಕೈಯೊಡ್ಡಿ ಬಸ್ಸನ್ನೋ ಬೇರೆ ಕಾರನ್ನೋ ಹಿಡಿದಿದ್ದರೆ ಮುಹೂರ್ತಕ್ಕೆ ಮೊದಲೇ ತಲುಪುತ್ತಿದ್ದರು. ಬೇಗ ತಲುಪಬೇಕೆಂಬ ಆತುರವೇ ಅವರನ್ನು ತಡಮಾಡಿಸಿತು.

ಇಂಥ ವೇಳೆ ಮಾಡಬೇಕಾದುದು ಅತಿ ಸುಲಭ. ಆದುದರಿಂದಲೇ ಅತಿ ಕಷ್ಟ. ಕಾರನ್ನು ರಸ್ತೆಯ ಅಂಚಿಗೆ ತಂದು ಎಂಜಿನ್ ಆರಿಸಿ ಸುಮ್ಮನೆ ಕುಳಿತಿರಬೇಕು. ಬಿಸಿಯಾದ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಲಾಗದು; ಒತ್ತಡದಲ್ಲಿರುವ ನೀರು ಹಬೆಯಾಗಿ ಚಿಮ್ಮಿ ಮುಖವನ್ನು ಬೇಯಿಸೀತು. ಕಾದ ಲೋಹದ ಮೇಲೆ ತಣ್ಣೀರು ಸುರಿದರೆ ಅದು ಬಿರಿದೀತು. ಬೆಲ್ಟು ಮುನ್ಸೂಚನೆ ಕೊಡುವುದೂ ಉಂಟು: ಮುಂಜಾನೆ ಕಾರು ಹೊರಡಿಸಿದಾಗ ಕಿರ್ರೆನ್ನುವುದು, ಒಳಮೈಯಲ್ಲಿ ಸಣ್ಣ ಬಿರುಕು ಬಿಡುವುದು. ಸಂಸಾರವೊಂದು ಹೋಟೆಲಿನಲ್ಲಿ ಊಟ ಮಾಡುವಷ್ಟು ಹಣದಲ್ಲಿ ಅನೇಕ ಕಾರುಗಳಿಗೆ ಹೊಸ ಬೆಲ್ಟು ಬಂದೀತು. ಕೆಟ್ಟ ಎಂಜಿನ್ನಿಗಾದರೋ ಮದುವೆಯ ಊಟದಷ್ಟೇ ಖರ್ಚು.

ಬೆಲ್ಟು ಕಡಿಯುವುದು ಯಾರ ಕೈಯಲ್ಲೂ ಇಲ್ಲದಿರಬಹುದು. ಕಡಿದ ಮೇಲೆ ಓಡಿಸುವ ಪ್ರತಿಯೊಂದು ಮೈಲಿಯೂ ಮಾತ್ರ ಓಡಿಸುವವನ ಸ್ವಂತ ಸಂಪಾದನೆ. “ಇನ್ನೇನು, ಬಂದೇಬಿಟ್ಟಿತು” ಎಂದು ನಾಲಿಗೆ ನುಡಿಯುವ ಹೊತ್ತೇ ಬ್ರೇಕಿನ ಮೇಲೆ ಕಾಲಿಡಬೇಕಾದ ಹೊತ್ತು.